ಧಾತು ಉತ್ಸವಕ್ಕೆ ಹೊರಟ ಗೂಡಿನ ಹಾರ

ಆ ಹಾರದಲ್ಲಿ ಇನ್ನೂರು ಹೆಣಗಳಿವೆ ಎಂದು ಹೇಳಿದವಳು ನಾನೇ. ಹೇಳಬಾರದಿತ್ತು ಎಂದು ಈಗಲೂ ಅನ್ನಿಸುವುದಿಲ್ಲ. ಹೇಳಿದ ಹೊತ್ತು ಸರಿಯಿರಲಿಲ್ಲ, ಅಷ್ಟೆ.

ಮೇ ತಿಂಗಳ ಮಧ್ಯಾಹ್ನ. ವಕ್ಕಲೇರಿ ಹತ್ತಿರದ ಹಳ್ಳಿಯಲ್ಲಿ ನನ್ನ ಸೋದರತ್ತೆಯ ಮನೆ. ಅತ್ತೆ ಜಗಲಿಯ ಮೇಲೆ ಉದ್ದನೆಯ ಸೂಜಿಗೆ ದಾರ ಏರಿಸಿಕೊಂಡು ಕೂತಿದ್ದಳು. ಪಕ್ಕದ ಮೊರದಲ್ಲಿ ನಾಲ್ಕು ದಿನ ಬಿಸಿಲು ಕಂಡ ಹಳದಿ ರೇಷ್ಮೆ ಗೂಡುಗಳು. ಒಂದೊಂದನ್ನೇ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳು ಒಣಗಿ ಗಲಗಲ ಎಂದರೆ ಮಾತ್ರ ಸೂಜಿಗೆ ಕೊಡುತ್ತಿದ್ದಳು. ಸರಿಯಾಗಿ ಒಣಗದ ಗೂಡು ಹಾರದಲ್ಲಿ ಸೇರಿದರೆ ಎರಡೇ ದಿನಕ್ಕೆ ವಾಸನೆ ಏಳುತ್ತದೆ.

"ಅತ್ತೆ, ಇದನ್ನ ಯಾರಿಗೆ ಹಾಕ್ತಿದೀಯ ಅಂತ ಯೋಚ್ನೆ ಮಾಡಿದ್ಯಾ?" ಎಂದೆ.

"ಬುದ್ಧ ದೇವ್ರಿಗೆ ಕಣೆ."

"ಮೊದಲನೇದಾಗಿ ಅವರು ದೇವ್ರಲ್ಲ. ಎರಡನೇದು, ಜೀವ ತೆಗೀಬೇಡಿ ಅನ್ನೋದೇ ಅವರ ಮೊದಲ್ನೇ ಮಾತು. ನೀನು ಬಿಸಿಲಲ್ಲಿ ಸಾಯಿಸಿ, ಇನ್ನೂರು ಹೆಣ ಪೋಣಿಸ್ಕೊಂಡು ಹೋಗಿ ಅವರಿಗೆ ಹಾಕ್ತೀಯ."

ಸೂಜಿ ಅರ್ಧಕ್ಕೇ ನಿಂತಿತು. ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಮುಖ ಹೀಗೆ ಖಾಲಿಯಾಗುವ ಕ್ಷಣಕ್ಕಾಗಿಯೇ ನಾನು ಆರು ವರ್ಷದಿಂದ ಮೈಕಿನ ಮುಂದೆ ನಿಲ್ಲುತ್ತಿದ್ದೇನೆ. ಅವತ್ತು ಆ ಕ್ಷಣ ಬಂತು, ಖುಷಿ ಬರಲಿಲ್ಲ. ಅತ್ತೆ ದಾರ ಕಡಿದು, ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು, ಮೊರ ಎತ್ತಿಕೊಂಡು ಒಳಗೆ ಹೋದಳು.

ಆ ಹಾರ ಅವಳಿಗೆ ಎಷ್ಟು ಮುಖ್ಯವಾಗಿತ್ತು ಎಂಬುದನ್ನು ಇಲ್ಲೇ ಹೇಳಬೇಕು. ನಮ್ಮ ಕಡೆ ದೊಡ್ಡವರು ಬಂದರೆ ಹೂವಿನ ಹಾರಕ್ಕಿಂತ ರೇಷ್ಮೆ ಗೂಡಿನ ಹಾರಕ್ಕೆ ಮರ್ಯಾದೆ ಜಾಸ್ತಿ. ಮಂತ್ರಿ ಬರಲಿ, ಸಾಹೇಬರು ಬರಲಿ, ಶಾಲೆಯ ವಾರ್ಷಿಕೋತ್ಸವಕ್ಕೆ ಮುಖ್ಯ ಅತಿಥಿ ಬರಲಿ, ಗೂಡಿನ ಹಾರ ಬೇಕೇ ಬೇಕು. ಅತ್ತೆ ಕಟ್ಟಿದ ಹಾರಗಳು ಮಾಲೂರಿನಿಂದ ಶ್ರೀನಿವಾಸಪುರದವರೆಗೆ ಎಷ್ಟು ಕೊರಳು ಕಂಡಿವೆಯೋ ಲೆಕ್ಕವಿಲ್ಲ. ಆದರೆ ಅಷ್ಟೂ ಹಾರಗಳಲ್ಲಿ ಒಂದನ್ನೂ ಅವಳು ತನ್ನ ಕೈಯಿಂದ ಯಾರಿಗೂ ಹಾಕಿದ್ದಿಲ್ಲ. ಮಾವ ತೀರಿಕೊಂಡಾಗ ನನಗೆ ಮೂರು ವರ್ಷ. ಅಲ್ಲಿಂದ ಈಚೆಗೆ ಹಾರ ಹಿಡಿದುಕೊಂಡು ವೇದಿಕೆಯ ಮೆಟ್ಟಿಲವರೆಗೆ ಹೋಗುವುದು ಅವಳ ಪಾಲು. ಅಲ್ಲಿ ಕುಂಕುಮ ಇಟ್ಟುಕೊಂಡ ಯಾರೋ ಒಬ್ಬರು "ಕೊಡಕ್ಕ ಇಲ್ಲಿ" ಎಂದು ಕೈ ಚಾಚುತ್ತಾರೆ. ನೀನು ಹತ್ತಬೇಡ ಎಂದು ಬಾಯಿಬಿಟ್ಟು ಯಾರೂ ಹೇಳಿಲ್ಲ. ಹೇಳಿದ್ದರೆ ನಾನು ಬಿಡುತ್ತಿರಲಿಲ್ಲ. ಹೇಳದೆಯೇ ನಡೆಯುವ ಪದ್ಧತಿಯ ಜೊತೆ ವಾದ ಮಾಡುವುದು ಹೇಗೆ? ಮಾಡಲು ಹೋದಾಗೆಲ್ಲ ಅತ್ತೆಯೇ "ಸುಮ್ಕಿರೇ ಲಾಯರಮ್ಮ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಹೀಗಿರುವಾಗ ಆ ಕರಪತ್ರ ಬಂತು. ಮುಳಬಾಗಿಲು ದಾಟಿ ನಂಗಲಿ ಕಡೆ ಹೋಗುವ ಹೆದ್ದಾರಿಯ ಪಕ್ಕ, ಬಂಡೆಗುಡ್ಡದ ಮೇಲೆ ಹೊಸದಾಗಿ ಒಂದು ಪಗೋಡ ಎದ್ದಿತ್ತು. ಬುದ್ಧಪೂರ್ಣಿಮೆಯ ದಿನ ಅಲ್ಲಿ ಧಾತು ಉತ್ಸವ. ಹೊರದೇಶದ ವಿಹಾರವೊಂದರಿಂದ ಧಾತುವನ್ನು, ಅಂದರೆ ಬುದ್ಧನ ಅಸ್ಥಿಯ ಒಂದು ಕಣವನ್ನು ತರುತ್ತಾರೆ, ಮೂರು ಸುತ್ತು ಮೆರವಣಿಗೆ, ದರ್ಶನ. ಕೆಳಗೆ ಒಂದು ಸಾಲು: ಜಾತಿ, ಮತ, ಲಿಂಗ ಭೇದವಿಲ್ಲದೆ ಎಲ್ಲರೂ ಸ್ವಹಸ್ತದಿಂದ ಅರ್ಪಿಸಬಹುದು.

"ಸ್ವಹಸ್ತ ಅಂದ್ರೆ ನಮ್ ಕೈಯೇ ತಾನೆ?" ಎಂದು ಅತ್ತೆ ಕೇಳಿದಳು. ಹೌದೆಂದೆ. ಊಟಕ್ಕೆ ಕೂತಾಗ ಮತ್ತೆ ಕೇಳಿದಳು. ಮಾರನೆಯ ದಿನ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಾ ಮೂರನೆಯ ಸಲ, "ಇನ್ಯಾರ್ ಕೈಗೂ ಕೊಡೋದಿಲ್ಲ ತಾನೆ?" ಎಂದಳು.

ನನಗೂ ಹೋಗಬೇಕಿತ್ತು, ಆದರೆ ನನ್ನ ಕಾರಣ ಬೇರೆ. ಎರಡೂವರೆ ಸಾವಿರ ವರ್ಷದ ಹಿಂದೆ ಸುಟ್ಟ ಒಂದು ದೇಹದ ಚೂರು ಇದೇ ಎಂದು ತೋರಿಸುವವರು ಆಧಾರ ಏನು ಕೊಡುತ್ತಾರೆ? ಯಾರ ಕೈಯಿಂದ ಯಾರ ಕೈಗೆ ಬಂತು? ನಡುವೆ ಎಷ್ಟು ಶತಮಾನ ದಾಖಲೆಯೇ ಇಲ್ಲ? ಮೊಬೈಲಿನಲ್ಲಿ ಪ್ರಶ್ನೆಗಳ ಪಟ್ಟಿಯನ್ನೇ ಮಾಡಿಕೊಂಡಿದ್ದೆ. ಒಬ್ಬ ಭಿಕ್ಷು ಸಿಕ್ಕರೆ ಸಾಕು ಎಂದು ಕಾಯುತ್ತಿದ್ದೆ. ಪರೀಕ್ಷೆಗೆ ಓದುವಾಗ ಬಾರದ ಉತ್ಸಾಹ ಇಂಥದ್ದಕ್ಕೆ ಮಾತ್ರ ನನಗೆ ಬರುತ್ತದೆ.

ಹೆಣಗಳ ಮಾತಾದ ಮೇಲೆ ಎರಡು ದಿನ ಅತ್ತೆ ಹಾರದ ಸುದ್ದಿ ಎತ್ತಲಿಲ್ಲ. ಹೂವಿನ ಹಾರ ಕೊಳ್ಳೋಣ ಎಂದರೆ, "ಹೂವಿಂದು ಯಾರ್ ಬೇಕಾದ್ರೂ ಕಟ್ತಾರೆ, ನಾನ್ ಕಟ್ಟೋದು ಇದು" ಎಂದಳು. ಮೂರನೆಯ ದಿನ ಬೆಳಿಗ್ಗೆ ಹುಳುಮನೆಯಿಂದ ಕೂಗಿದಳು. ಒಳಗೆ ಚಂದ್ರಂಕಿಗಳ ತುಂಬ ಹಳದಿ ಗೂಡು. ಬಿದಿರಿನ ಆ ತಟ್ಟೆಗಳಿಗೆ ಹಣ್ಣಾದ ಹುಳುಗಳನ್ನು ಬಿಟ್ಟು ಐದು ದಿನವಾಗಿತ್ತು. ಆವತ್ತು ಗೂಡು ಬಿಡಿಸಿ ಮಾರನೆಯ ದಿನ ಮಾರುಕಟ್ಟೆಗೆ ಹಾಕಬೇಕಿತ್ತು.

"ಇವು ಜೀವಂತ ಇದಾವೆ. ಇವುಗಳಲ್ಲೇ ಕಟ್ಟಿದ್ರೆ?" ಎಂದಳು.

"ಸೂಜಿ ಚುಚ್ಚಿದ್ರೆ ಸಾಯಲ್ವಾ?"

"ಮಧ್ಯಕ್ಕೆ ಚುಚ್ಚಿದ್ರೆ ತಾನೆ?" ಅತ್ತೆ ಒಂದು ಗೂಡು ತೆಗೆದುಕೊಂಡು, ಅದರ ಹೊರಮೈಯ ಜಾಳುಜಾಳಾದ ನೂಲಿನಲ್ಲಿ ಮಾತ್ರ ಸೂಜಿ ತೂರಿಸಿ ಆಚೆ ತೆಗೆದಳು. ಒಳಗಿನ ಗಟ್ಟಿ ಪದರಕ್ಕೆ ಸೂಜಿ ತಾಗಲೇ ಇಲ್ಲ. "ಹಬ್ಬ ಮುಗೀಲಿ, ಅಲ್ಲೇ ಯಾವ್ದಾದ್ರೂ ಮರಕ್ಕೆ ಕಟ್ ಬರಾಣ. ಚಿಟ್ಟೆ ಆಗ್ಲಿ, ಎಲ್ಲಾದ್ರೂ ಹೋಗ್ಲಿ. ಏನಂತೀಯ, ಈಗ ಹೆಣ ಎಲ್ಲಿದೆ ತೋರ್ಸು."

ನಾನು ಸೋತೆ. ಸೋತು ಇಷ್ಟು ಖುಷಿಯಾಗಿದ್ದು ನೆನಪಿಲ್ಲ.

ಉಳಿದದ್ದು ದಿನದ ಲೆಕ್ಕ. ಪೂರ್ಣಿಮೆಗೆ ಇನ್ನೂ ಏಳು ದಿನ ಇತ್ತು. ಅಷ್ಟರೊಳಗೆ ಚಿಟ್ಟೆಗಳು ಗೂಡು ಒಡೆದು ಬಂದುಬಿಟ್ಟರೆ? ಇಲ್ಲಿ ನಮ್ಮ ಮನೆಯ ಒಂದು ವಿಚಿತ್ರ ಹೇಳಬೇಕು. ಮೊಟ್ಟೆಯಿಂದ ಹುಳು ಎದ್ದ ದಿನದಿಂದ, ಮೊದಲನೆ ಜ್ವರ, ಎರಡನೆ ಜ್ವರ ಎಂದು ಅದು ಪೊರೆ ಬಿಡುವ ಒಂದೊಂದು ಹಂತವನ್ನೂ ಅತ್ತೆ ಗಂಟೆಯ ಲೆಕ್ಕದಲ್ಲಿ ಹೇಳುತ್ತಾಳೆ. ಆದರೆ ಗೂಡು ಮಾರುಕಟ್ಟೆಗೆ ಹೋದ ದಿನಕ್ಕೆ ಅವಳ ಪಂಚಾಂಗ ಮುಗಿಯುತ್ತದೆ. ಮೂವತ್ತು ವರ್ಷ ರೇಷ್ಮೆ ಸಾಕಿದ ಮನೆಯಲ್ಲಿ ಒಂದು ಚಿಟ್ಟೆ ಹೊರಬರುವುದನ್ನು ಕೂತು ನೋಡಿದವರು ಒಬ್ಬರೂ ಇಲ್ಲ.

"ನಮ್ ಹಳದಿ ಗೂಡು ಬೇಗ ಒಡೀತವೆ ಅಂತ ಕೇಳಿದೀನಿ ಕಣೆ" ಎಂದಳು ಅತ್ತೆ.

"ಕೇಳಿದ್ದು ಬೇಡ, ಆಧಾರ ಬೇಕು" ಎಂದು ನಾನು ಮೊಬೈಲಿನಲ್ಲಿ ಹುಡುಕಿ, ಓದಿ, ಹದಿನಾರು ದಿನಕ್ಕಿಂತ ಮುಂಚೆ ಸಾಧ್ಯವೇ ಇಲ್ಲ, ನಮಗೆ ಇನ್ನೂ ನಾಲ್ಕು ದಿನ ಕೈಯಲ್ಲಿರುತ್ತದೆ ಎಂದು ತೀರ್ಪು ಕೊಟ್ಟೆ. ನಾನು ಓದಿದ್ದು ಬಿಳಿ ಗೂಡಿನ ತಳಿಯ ಬಗ್ಗೆ, ಅದೂ ತಂಪು ಕೋಣೆಯಲ್ಲಿ ಇಟ್ಟದ್ದರ ಬಗ್ಗೆ ಎಂಬುದನ್ನು ಆಮೇಲೆ ಗಮನಿಸಿದೆ. ಬಹಳ ಆಮೇಲೆ.

ಪೂರ್ಣಿಮೆಯ ಬೆಳಿಗ್ಗೆ ಕೋಲಾರದಿಂದ ಮೊದಲ ಬಸ್ಸು ಹಿಡಿದೆವು. ಅತ್ತೆ ಬಿಳಿ ಸೀರೆ ಉಟ್ಟಿದ್ದಳು. ಸಾಮಾನ್ಯವಾಗಿ ಹಬ್ಬಕ್ಕೆ ಅವಳು ಬಿಳಿ ಉಟ್ಟರೆ ನೋಡುವವರ ಮುಖ ಒಂದು ಥರ ಆಗುತ್ತದೆ. ಅಂದು ಬಸ್ಸಿನಲ್ಲಿ ಅರ್ಧಕ್ಕರ್ಧ ಜನ ಬಿಳಿಯಲ್ಲೇ ಇದ್ದರು, ಗಂಡಸರು, ಹೆಂಗಸರು, ಬಳೆ ತೊಟ್ಟವರು, ತೊಡದವರು. ಅತ್ತೆ ಸುತ್ತ ನೋಡಿ, "ಏನೇ ಇದು, ಎಲ್ರೂ ನನ್ ಥರಾನೇ ಬಂದವ್ರೆ!" ಎಂದು ನಕ್ಕಳು. ಅವಳ ತೊಡೆಯ ಮೇಲೆ ಮಾವಿನಹಣ್ಣಿನ ಬಿದಿರು ಬುಟ್ಟಿ, ಅದರೊಳಗೆ ಹಾರ, ಮೇಲೆ ಕಪ್ಪು ಬಟ್ಟೆ ಮುಚ್ಚಿತ್ತು.

ಕಂಡಕ್ಟರು ಬುಟ್ಟಿ ನೋಡಿ, "ಏನಮ್ಮಾ ಒಳಗೆ, ಕೋಳಿನಾ? ಕೋಳಿಗೆ ಟಿಕೆಟ್ ತಗೋಬೇಕು" ಎಂದ.

"ಹುಳ."

"ಎಷ್ಟು?"

"ಇನ್ನೂರು."

ಅವನು ಟಿಕೆಟ್ ಯಂತ್ರ ನೋಡಿದ, ಬುಟ್ಟಿ ನೋಡಿದ, "ಪೋನೀಲೆಮ್ಮ" ಎಂದು ಹುಳಕ್ಕೆ ಟಿಕೆಟ್ ಕೇಳದೆ ಬಿಟ್ಟು ಮುಂದಕ್ಕೆ ಹೋದ. ನಮ್ಮ ಕಡೆ ಬೇಸರವನ್ನು ಕನ್ನಡದಲ್ಲಿ ಹೇಳಿದರೂ ಔದಾರ್ಯ ತೆಲುಗಿನಲ್ಲೇ ಬರುತ್ತದೆ.

ದೇವರಾಯಸಮುದ್ರದ ಕೆರೆ ಏರಿ ದಾಟುವ ಹೊತ್ತಿಗೆ ಸೂರ್ಯ ಮೇಲೆ ಬಂದಿದ್ದ. ಮುಳಬಾಗಿಲಿನಲ್ಲಿ ಇಳಿದು ಷೇರ್ ಆಟೊ ಹತ್ತಿದೆವು. ಹೆದ್ದಾರಿಯಲ್ಲಿ ಆಂಧ್ರದ ಕಡೆಯ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಡ್ರೈವರುಗಳು ಕ್ಯಾಬಿನ್ನಿನ ಮೇಲೆ ಹತ್ತಿ ಗುಡ್ಡದ ಕಡೆ ನೋಡುತ್ತಿದ್ದರು. ತಲೆ ಎತ್ತಿ ನೋಡಿದೆ. ಬರೀ ಬಂಡೆ, ಮುಳ್ಳುಪೊದೆ, ಅದರ ನೆತ್ತಿಯ ಮೇಲೆ ಬಂಗಾರದ ಬಣ್ಣದ ಒಂದು ಗಂಟೆಯನ್ನು ಕವುಚಿ ಇಟ್ಟ ಹಾಗೆ ಪಗೋಡ. ಅದರ ತುದಿಯಿಂದ ನಾಲ್ಕೂ ದಿಕ್ಕಿಗೆ ಐದು ಬಣ್ಣದ ಪತಾಕೆಗಳ ಹಗ್ಗ. ಕೆಳಗಿನಿಂದ ಮೇಲಿನವರೆಗೆ ಬಿಳಿ ಬಟ್ಟೆಯ ಜನ, ರಾಗಿ ಹಿಟ್ಟು ಚೆಲ್ಲಿದ ಕಡೆ ಇರುವೆ ಮುತ್ತಿದ ಹಾಗೆ, ಆದರೆ ಬಿಳಿ ಇರುವೆ. ತಮಟೆ ಬಡಿಯುತ್ತಿದ್ದರು. ಅದರ ಮಧ್ಯೆ ಮೈಕಿನಲ್ಲಿ ಪಾಲಿ ಮಂತ್ರ. ಎರಡೂ ತಾಳಕ್ಕೆ ಹೊಂದುತ್ತಿರಲಿಲ್ಲ, ಆದರೂ ಮೈ ಜುಮ್ಮೆಂದಿತು. ಇದಕ್ಕೆ ಕಾರಣ ಗುಂಪಿನ ಮನಶ್ಶಾಸ್ತ್ರ ಎಂದು ನನಗೆ ಗೊತ್ತು. ಗೊತ್ತಿದ್ದರೂ ಜುಮ್ಮೆನ್ನುವುದು ನಿಲ್ಲಲಿಲ್ಲ.

"ಓಡೇ, ಲೈನ್ ಉದ್ದ ಆಗ್ತೈತೆ!" ಎಂದು ಅತ್ತೆ ನನಗಿಂತ ಮುಂದೆ ಮೆಟ್ಟಿಲು ಹತ್ತಿದಳು.

ಪಗೋಡದ ಬಾಗಿಲಲ್ಲಿ ಎತ್ತರದ ಕಟ್ಟೆ. ಕಟ್ಟೆಯ ಮೇಲೆ ಬಿಳಿ ಕೊಡೆಯ ಕೆಳಗೆ, ಬಿಳಿ ಬಟ್ಟೆ ಹಾಸಿದ ಪೀಠದಲ್ಲಿ ಗಾಜಿನ ಪುಟ್ಟ ಕರಂಡ. ಅದರೊಳಗೆ ರಾಗಿ ಕಾಳಿನಷ್ಟೇ ದೊಡ್ಡ ಏನೋ ಇದೆಯಂತೆ. ಸಾಲಿನಲ್ಲಿ ನಮ್ಮ ಮುಂದೆ ಸುಮಾರು ನಲವತ್ತು ಜನ. ಅವರು ಹೂವು, ಊದುಬತ್ತಿ, ಶ್ರೀನಿವಾಸಪುರದ ಕಡೆಯವರಾದರೆ ಮಾವಿನಹಣ್ಣು ಹಿಡಿದಿದ್ದರು. ಸಾಲು ಬೇಗ ಬೇಗ ಸರಿಯುತ್ತಿತ್ತು. ಎಷ್ಟು ಬೇಗ ಎಂದರೆ ನನಗೆ ಅನುಮಾನ ಬಂತು. ಕತ್ತು ಉದ್ದ ಮಾಡಿ ನೋಡಿದೆ. ಕಟ್ಟೆಯ ಬುಡದಲ್ಲಿ ಬ್ಯಾಡ್ಜು ತೊಟ್ಟ ಮೂರು ಜನ ಸ್ವಯಂಸೇವಕರು ನಿಂತು, ಬಂದವರ ಕೈಯಿಂದ ತಟ್ಟೆ ತೆಗೆದುಕೊಂಡು, "ಕೊಡಿ ಇಲ್ಲಿ, ಮುಂದಕ್ಕೆ ಹೋಗಿ" ಎನ್ನುತ್ತಾ ತಾವೇ ಮೇಲೆ ಇಡುತ್ತಿದ್ದರು.

ಅತ್ತೆಯೂ ನೋಡಿದಳು. ಬುಟ್ಟಿಯ ಅಂಚನ್ನು ಹಿಡಿದ ಬೆರಳುಗಳು ಬಿಗಿಯಾದವು. "ಹೋಗ್ಲಿ ಬಿಡು. ಕಣ್ಣಲ್ಲಾದ್ರೂ ನೋಡ್ಬೋದು" ಎಂದಳು.

ಬಿಡುವ ಮಾತೇ ಇಲ್ಲ. ಕರಪತ್ರ ನನ್ನ ಚೀಲದಲ್ಲಿತ್ತು. ಸಾಲಿನ ಪಕ್ಕ ಓಡಾಡುತ್ತಿದ್ದ ಸಮಿತಿಯವರೊಬ್ಬರನ್ನು ಹಿಡಿದೆ. ಮಾತಿನ ಧಾಟಿಯಲ್ಲೇ ನಿವೃತ್ತ ಮೇಷ್ಟ್ರು ಎಂದು ಗೊತ್ತಾಗುತ್ತಿತ್ತು.

"ಸರ್, ಇಲ್ಲಿ ಸ್ವಹಸ್ತದಿಂದ ಅಂತ ಹಾಕಿದೀರ. ಅಲ್ಲಿ ನಿಮ್ಮವರ ಹಸ್ತದಿಂದ ನಡೀತಿದೆ."

"ಜನ ಇಷ್ಟು ಬರ್ತಾರೆ ಅಂದ್ಕೊಂಡಿರ್ಲಿಲ್ಲ ತಾಯಿ. ಕರಂಡ ಗಾಜಿನದು. ಒಬ್ಬೊಬ್ರೂ ಮೇಲೆ ಹತ್ತಿದ್ರೆ ಸಂಜೆ ಆಗುತ್ತೆ."

"ಹಾಗಾದ್ರೆ ಕರಪತ್ರದಲ್ಲಿ ಸುಳ್ಳು ಹೇಳಿದೀರಿ ಅಂತ ಒಪ್ಕೊಳ್ತೀರಾ?"

"ಸುಳ್ಳಲ್ಲ, ಪರಿಸ್ಥಿತಿ. ಪುಣ್ಯ ಎಲ್ಲಾ ನಿಮಗೇ ಬರುತ್ತೆ."

"ಇಡೋದು ಅವರು, ಪುಣ್ಯ ನಮಗೆ. ಪುಣ್ಯ ಕೈಯಿಂದ ಕೈಗೆ ದಾಟಿಸ್ಬೋದು ಅಂತ ಬುದ್ಧ ಎಲ್ಲಿ ಹೇಳಿದಾರೆ, ಯಾವ ಸುತ್ತದಲ್ಲಿ, ಯಾವ ಉಪದೇಶದಲ್ಲಿದೆ ಸರ್?"

ಮೇಷ್ಟ್ರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಯಾವ ಕಾಲೇಜಮ್ಮ ನೀನು?" ಬಹುವಚನ ಹೋಗಿ ಏಕವಚನ ಬಂದಿತ್ತು. ಅಂದರೆ ನಾನು ಗೆಲ್ಲುವ ಹಾದಿಯಲ್ಲಿದ್ದೆ. ಎರಡನೆಯ ಸುತ್ತಿಗೆ ಬಾಯಿ ತೆರೆದಾಗ ಅತ್ತೆ ನನ್ನ ಸೆರಗು ಹಿಡಿದು ಎಳೆದಳು.

"ಲೇ, ಇಲ್ ನೋಡೇ."

ನಮ್ಮ ಸರದಿ ಹತ್ತಿರವಾಯಿತೆಂದು ಅವಳು ಬುಟ್ಟಿಯ ಕಪ್ಪು ಬಟ್ಟೆ ತೆಗೆದಿದ್ದಳು. ಬೆಳಗಿನ ಬಿಸಿಲು ನೇರವಾಗಿ ಹಾರದ ಮೇಲೆ ಬಿದ್ದಿತ್ತು. ಒಂದು ಗೂಡಿನ ತುದಿ ಒದ್ದೆಯಾಗಿತ್ತು. ಕಂದು ಬಣ್ಣದ ಒದ್ದೆ. ನೋಡುತ್ತಿದ್ದಂತೆ ಅದು ಅಗಲವಾಯಿತು, ನೂಲುಗಳು ಅತ್ತಿತ್ತ ಸರಿದವು, ನಡುವಿನಿಂದ ಒದ್ದೆ ಕೂದಲಿನ ಒಂದು ತಲೆ, ಎರಡು ಕಪ್ಪು ಕಣ್ಣು, ಬಾಚಣಿಗೆಯಂಥ ಮೀಸೆ. ಪಕ್ಕದ ಗೂಡೂ ಒದ್ದೆ. ಅದರ ಪಕ್ಕದ್ದೂ. ರಾತ್ರಿಯೆಲ್ಲ ಕತ್ತಲಲ್ಲಿಟ್ಟು ಬೆಳಿಗ್ಗೆ ಒಮ್ಮೆಲೇ ಬೆಳಕು ತೋರಿಸಿದರೆ ಚಿಟ್ಟೆಗಳು ಒಟ್ಟಿಗೆ ಏಳುತ್ತವಂತೆ, ಹುಳುವಿನ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಗಳಲ್ಲಿ ಬೇಕೆಂದೇ ಹಾಗೆ ಮಾಡುತ್ತಾರಂತೆ. ನಾವು ಬೇಕೆಂದು ಮಾಡಿರಲಿಲ್ಲ.

"ಹನ್ನೆರಡೇ ದಿನಕ್ಕಾ?" ಎಂದೆ.

"ನಾನ್ ಹೇಳ್ದೆ. ಬೇಗ ಒಡೀತವೆ ಅಂತ ಹೇಳ್ದೆ. ನೀನು ಆದಾರ ಆದಾರ ಅಂತ ಕೂತ್ಕಂಡೆ!"

ಹಿಂದೆ ನಿಂತಿದ್ದ ನಂಗಲಿ ಕಡೆಯ ಹೆಂಗಸು ಬುಟ್ಟಿಯೊಳಗೆ ಬಗ್ಗಿ ನೋಡಿ ಕಿರುಚಿದಳು. "ಅಮ್ಮೋ! ಪ್ರಾಣಂ ವಚ್ಚಿಂದಿ! ಜೀವ ಬಂತು, ಜೀವ ಬಂತು, ಸತ್ತ ಗೂಡಿಗೆ ಜೀವ ಬಂತು!"

ಅಷ್ಟೇ ಸಾಕಾಯಿತು. ಸಾಲು ಮುರಿದು ಜನ ನಮ್ಮ ಸುತ್ತ ಮುಗಿಬಿದ್ದರು. ಮೊಬೈಲುಗಳು ಮೇಲೆದ್ದವು. ಯಾರೋ ಸಾಧು ಸಾಧು ಎಂದರು, ಯಾರೋ ಗೋವಿಂದ ಎಂದರು, ಅದನ್ನು ಯಾರೂ ತಪ್ಪು ತಿಳಿಯಲಿಲ್ಲ. "ಧಾತು ಹತ್ರ ಬರ್ತಿದ್ದಂಗೇ ಎದ್ದುವಂತೆ!" "ಈಯಮ್ಮನ ಬುಟ್ಟೀಲಂತೆ!" ನೋಡನೋಡುತ್ತಿದ್ದಂತೆ ಹತ್ತಾರು ಚಿಟ್ಟೆಗಳು ಹಾರದ ಮೇಲೆ ಹತ್ತಿ ಕುಳಿತು, ಮಡಿಸಿದ ರೆಕ್ಕೆಗಳನ್ನು ಬಿಡಿಸಿ ಒಣಗಿಸಿಕೊಳ್ಳತೊಡಗಿದವು. ಬೆಣ್ಣೆಯ ಬಣ್ಣದ, ಮೈತುಂಬ ಕೂದಲಿನ, ಹಾರಲು ಬಾರದ ಚಿಟ್ಟೆಗಳು. ನಿಜ ಹೇಳುತ್ತೇನೆ, ಅಷ್ಟು ಚೆಂದದ್ದನ್ನು ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ.

ಮೇಷ್ಟ್ರು ಜನರನ್ನು ಸರಿಸಿಕೊಂಡು ಬಂದರು. ಬುಟ್ಟಿ ನೋಡಿ ಅವರ ಕೈಗಳು ತಾವಾಗಿಯೇ ಕೂಡಿಕೊಂಡವು. "ಇದು ಶುಭ. ಬಹಳ ದೊಡ್ಡ ಶುಭ. ದಾರಿ ಬಿಡಿ, ಈ ತಾಯೀನ ಮೇಲಕ್ಕೆ ಬಿಡಿ!"

ಆರು ವರ್ಷದ ಚರ್ಚೆಗಳಲ್ಲಿ ನಾನು ಎಂದೂ ಸಿಕ್ಕಿಹಾಕಿಕೊಂಡಿರದ ಜಾಗ ಅದು. ನನ್ನ ನಾಲಿಗೆಯ ತುದಿಯಲ್ಲಿ ಪೂರಾ ಖಂಡನೆ ಸಿದ್ಧವಾಗಿತ್ತು. ಹಳದಿ ತಳಿ, ಮೇ ತಿಂಗಳ ಸೆಖೆ, ಮುಚ್ಚಿದ ಬುಟ್ಟಿ, ಬೆಳಕು. ಪವಾಡ ಎನ್ನುವವರ ಬಾಯಿ ಮುಚ್ಚಿಸಲು ನಾಲ್ಕೇ ವಾಕ್ಯ. ಆದರೆ ನಾನು ನಿಜ ಹೇಳಿದರೆ ಹಾರ ಮತ್ತೆ ಬರೀ ಹುಳುಗಳ ಹಾರ. ಅತ್ತೆ ಮತ್ತೆ ಮೆಟ್ಟಿಲ ಬುಡದಲ್ಲಿ. ಸುಮ್ಮನಿದ್ದರೆ, ಒಂದೇ ಒಂದು ನಿಮಿಷ ಸುಮ್ಮನಿದ್ದರೆ, ಅವಳು ಕಟ್ಟೆ ಹತ್ತುತ್ತಾಳೆ.

ನಾನು ಸುಮ್ಮನಿದ್ದೆ. ನನ್ನ ಗೆಳೆಯರು ಯಾರಾದರೂ ಆ ಗುಂಪಿನಲ್ಲಿದ್ದಾರೋ ಎಂದು ಒಮ್ಮೆ ಸುತ್ತ ನೋಡಿದ್ದೂ ನಿಜ.

ಅತ್ತೆ ಎರಡು ಮೆಟ್ಟಿಲು ಹತ್ತಿದಳು. ಅಲ್ಲಿ ನಿಂತು ತಿರುಗಿದಳು. ಜನ ಅವಳ ಕಾಲು ಮುಟ್ಟಲು ಬಗ್ಗುತ್ತಿದ್ದರು.

"ಏಯ್, ಏಳಮ್ಮ, ಏಳು. ಕಾಲ್ ಮುಟ್ಬೇಡ" ಎಂದಳು. "ಪವಾಡನೂ ಇಲ್ಲ, ಎಂಥದ್ದೂ ಇಲ್ಲ. ಇವು ಸತ್ತೇ ಇರ್ಲಿಲ್ಲ. ಚಂದ್ರಂಕಿಗೆ ಬಿಟ್ಟು ಹನ್ನೆರಡು ದಿನ ಆಯ್ತು, ಬಿಸ್ಲು ಬೇರೆ, ಒಡ್ಕಂಡು ಬಂದವೆ. ನಮ್ ಲೆಕ್ಕ ತಪ್ತು, ಅಷ್ಟೇಯ."

ತಮಟೆಯವರು ಬಡಿಯುವುದು ನಿಲ್ಲಿಸಿದರು, ಕಾಲಿಗೆ ಬಗ್ಗಿದವರು ನೆಟ್ಟಗಾದರು. ನಂಗಲಿಯ ಹೆಂಗಸು ಮಾತ್ರ ಒಪ್ಪಲಿಲ್ಲ. "ನಿಂಗ್ ಗೊತ್ತಿಲ್ಲ ಬಿಡಕ್ಕ" ಎಂದಳು. ತನ್ನ ಬುಟ್ಟಿಯ ವಿಷಯ ತನಗೇ ಗೊತ್ತಿಲ್ಲ ಎಂದು ಹೇಳಿಸಿಕೊಂಡು ಅತ್ತೆ ಕಣ್ಣರಳಿಸಿದಳು.

ಮೇಷ್ಟ್ರ ಕೈಗಳು ಬಿಟ್ಟುಕೊಂಡವು. ಮುಖದಲ್ಲಿ ನಿರಾಸೆ, ಅದರ ಹಿಂದೆಯೇ ಸಮಿತಿಯ ಲೆಕ್ಕಾಚಾರ ವಾಪಸು ಬಂತು. "ಸರಿ, ಸರಿ. ಹಂಗಾದ್ರೆ ಇಲ್ಲೇ ಕೊಡಿ ತಾಯಿ, ನಮ್ಮವರು ಇಡ್ತಾರೆ."

ನಿಜ ಹೇಳಿದ್ದಕ್ಕೆ ಸಿಕ್ಕಿದ್ದು ಇದು! ನಾನು ಮುನ್ನುಗ್ಗುವಷ್ಟರಲ್ಲಿ ಒಬ್ಬ ಸ್ವಯಂಸೇವಕ, ಅಂಗಡಿ ಯಜಮಾನನಂತೆ ಕಾಣುವ ದಪ್ಪನೆಯ ಮನುಷ್ಯ, "ಕೊಡಕ್ಕ ಇಲ್ಲಿ" ಎಂದು ಕೈ ಚಾಚಿದ.

ಅವನ ನೆರಳು ಬಿದ್ದಿದ್ದೇ ತಡ, ಗಂಡು ಚಿಟ್ಟೆಗಳು ಬರ್‍ರೆಂದು ರೆಕ್ಕೆ ಬಡಿಯತೊಡಗಿದವು. ಆಗತಾನೆ ಎದ್ದ ಚಿಟ್ಟೆ ಮೊದಲು ಮಾಡುವ ಕೆಲಸ ಹೊಟ್ಟೆ ಖಾಲಿ ಮಾಡಿಕೊಳ್ಳುವುದು. ಕಂದು ನೀರು ಚಿಮ್ಮಿ ಅವನ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮೇಲೆ ಮೂರು ಕಡೆ ಬಿತ್ತು. "ಅಯ್ಯಪ್ಪಾ!" ಎಂದು ಅವನು ಎರಡು ಹೆಜ್ಜೆ ಹಿಂದೆ ಹಾರಿದ. ಎರಡನೆಯವನು ಕೈ ಹಿಂದಕ್ಕೆ ಕಟ್ಟಿಕೊಂಡ. ಮೂರನೆಯವನು ನೀರಿನ ಡ್ರಮ್ಮು ನೋಡಿ ಬರುತ್ತೇನೆಂದು ಹೊರಟೇ ಹೋದ.

"ಹಿಡ್ಕಳ್ರಪ್ಪ, ಏನೂ ಮಾಡಲ್ಲ. ಒತ್ತಿದ್ರೆ ಸಾಯ್ತವೆ, ಮೆತ್ಗೆ ಹಿಡೀಬೇಕು" ಎಂದು ಅತ್ತೆ ಹಾರವನ್ನು ಬುಟ್ಟಿಯಿಂದ ಎತ್ತಿ ಮುಂದೆ ಚಾಚಿದಳು. ತಮಾಷೆಗೆ ಚಾಚಿದ್ದಲ್ಲ, ನಿಜವಾಗಿಯೇ ಕೊಡಲು ಹೋದಳು. ತೆಗೆದುಕೊಳ್ಳಲು ಯಾರೂ ಇರಲಿಲ್ಲ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವಳ ಹಾರಕ್ಕೆ ಬೇರೆ ಕೈ ಸಿಗಲಿಲ್ಲ.

ಗಲಾಟೆ ಕೇಳಿ ಕಟ್ಟೆಯ ಮೇಲಿನಿಂದ ಭಿಕ್ಷು ಇಳಿದು ಬಂದರು. ಐವತ್ತರ ಆಸುಪಾಸು, ಕೆಂಪು ಕಾವಿ, ಮಾತು ಅಪ್ಪಟ ನಮ್ಮ ಕಡೆಯದು. ಹಾರದ ಮುಂದೆ ಬಗ್ಗಿ ಬಹಳ ಹೊತ್ತು ನೋಡಿ, ಸ್ವಲ್ಪ ದೂರದಲ್ಲೇ ನಿಂತು ಕೇಳಿದರು, "ಕಚ್ತಾವೇನಮ್ಮ?"

"ಇವಕ್ಕೆ ಬಾಯೇ ಇಲ್ಲ ಸಾಮಿ. ಹುಳ ಇದ್ದಾಗ ತಿಂದಿದ್ದಷ್ಟೇ. ಚಿಟ್ಟೆ ಆದ್ಮೇಲೆ ಸಾಯೋಗಂಟ ಏನೂ ತಿನ್ನಲ್ಲ."

"ಹಂಗಾದ್ರೆ ನಮಗಿಂತ ದೊಡ್ಡ ಸನ್ಯಾಸಿಗಳು" ಎಂದರು. ಅಷ್ಟರಲ್ಲಿ ಹಾರದ ನಡುವೆ ಒಂದು ಗಂಡು ಚಿಟ್ಟೆ ತಿರುಗಿ ತಿರುಗಿ ಹೆಣ್ಣನ್ನು ಹುಡುಕಿ, ಬಾಲಕ್ಕೆ ಬಾಲ ಕೂಡಿಸಿಕೊಂಡು ಕೂತಿತು. ಭಿಕ್ಷು ಅದನ್ನೂ ನೋಡಿದರು. "ಈ ಇಬ್ರನ್ನ ಬಿಟ್ಟು" ಎಂದರು.

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರೂ ನಗು ತಡೆಯಲಾಗಲಿಲ್ಲ. ಸುತ್ತಲಿನ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಮೇಷ್ಟ್ರು ಮಾತ್ರ, "ಭಂತೇಜಿ, ಪೀಠದ ಬಿಳಿ ಬಟ್ಟೆ ಕಲೆ ಆಗುತ್ತೆ" ಎಂದರು.

"ಒಗೆದ್ರೆ ಹೋಗುತ್ತೆ ಮೇಷ್ಟ್ರೇ."

"ಹೋಗಲ್ಲ ಸಾಮಿ, ಈ ಕಲೆ ಹೋಗೋದೇ ಇಲ್ಲ" ಎಂದಳು ಅತ್ತೆ. ಎದುರು ಪಕ್ಷಕ್ಕೆ ಸಾಕ್ಷಿ ನುಡಿಯುವ ಇಂಥವಳನ್ನು ಇಟ್ಟುಕೊಂಡು ನಾನು ಯಾವ ವಾದ ಗೆಲ್ಲಲಿ!

ಭಿಕ್ಷು ನಕ್ಕು, "ಇರ್ಲಿ ಬಿಡಿ, ಬಟ್ಟೆ ಬೇರೆ ಐತೆ. ಇದನ್ನ ಹಿಡಿಯೋಕೆ ಯಾರಿಗೆ ಬರುತ್ತೋ ಅವರೇ ತಗೊಂಡು ಬರ್ಲಿ. ಬನ್ನಿ ತಾಯಿ" ಎಂದು ಮುಂದೆ ನಡೆದರು.

ಈ ಅವಕಾಶ ಬಿಟ್ಟರೆ ಇನ್ನೊಂದು ಸಿಗುವುದಿಲ್ಲ ಎಂದು ನಾನು ಅವರ ಹಿಂದೆಯೇ ಮೆಟ್ಟಿಲು ಹತ್ತುತ್ತಾ ಕೇಳಿಯೇಬಿಟ್ಟೆ. "ಭಂತೇಜಿ, ಆ ಕಣ ಅವರದೇ ಅನ್ನೋದಕ್ಕೆ ಏನು ಆಧಾರ?"

"ನನಗೆ ಕೊಟ್ಟೋರು ಹೇಳಿದ್ರು. ಅವರಿಗೆ ಕೊಟ್ಟೋರು ಅವರಿಗೆ ಹೇಳಿದ್ರು."

"ಅದು ಆಧಾರ ಅಲ್ವಲ್ಲ?"

"ಅಲ್ಲ" ಎಂದರು, ತಿರುಗಿಯೂ ನೋಡದೆ. "ಕಾಲು ನೋಡ್ಕೊಂಡು ಹತ್ತಮ್ಮ, ಮೆಟ್ಲು ಸಣ್ಣದು."

ಎದುರಾಳಿ ಹೀಗೆ ಒಂದೇ ಮಾತಿಗೆ ಒಪ್ಪಿಕೊಂಡುಬಿಟ್ಟರೆ ಮುಂದೇನು ಮಾಡಬೇಕು ಎಂದು ನನಗೆ ಯಾರೂ ಕಲಿಸಿರಲಿಲ್ಲ. ಪಟ್ಟಿಯಲ್ಲಿ ಇನ್ನೂ ಒಂಬತ್ತು ಪ್ರಶ್ನೆಗಳಿದ್ದವು. ಮೊಬೈಲು ಚೀಲದಲ್ಲೇ ಉಳಿಯಿತು. ಏಕೆಂದರೆ ಆಗ ಅತ್ತೆ ಪೀಠದ ಮುಂದೆ ನಿಂತಿದ್ದಳು.

ಹಾರವನ್ನು ಅವಳು ಎರಡೂ ಅಂಗೈಗಳ ಮೇಲೆ, ಹುಳುಮನೆಯಲ್ಲಿ ಎಳೆಯ ಹುಳುಗಳ ತಟ್ಟೆಯನ್ನು ಹಿಡಿಯುವ ಹಾಗೆ, ಸಮನಾಗಿ ಹಿಡಿದಿದ್ದಳು. ಕಣ್ಣು ಒದ್ದೆಯಾಗಬಹುದು, ಕೈ ನಡುಗಬಹುದು ಎಂದು ನಾನು ಕಾಯುತ್ತಿದ್ದೆ. ಅಂಥ ಏನೂ ಇಲ್ಲ. ಅವಳು ಕೆಲಸದಲ್ಲಿದ್ದಳು. ಮೊದಲು ಗಾಜಿನ ಕರಂಡದ ಸುತ್ತ ಕಣ್ಣಾಡಿಸಿ ಜಾಗ ಅಳೆದಳು. ಅಲ್ಲಿದ್ದ ಎರಡು ದೊಡ್ಡ ಹೂಗುಚ್ಛಗಳನ್ನು, ಯಾರೋ ಗಣ್ಯರು ಇಟ್ಟವೇ ಇರಬೇಕು, ಯಾರನ್ನೂ ಕೇಳದೆ ಪಕ್ಕಕ್ಕೆ ಸರಿಸಿದಳು. ಊದುಬತ್ತಿಯ ಹೊಗೆ ಚಿಟ್ಟೆಗಳಿಗೆ ಆಗುವುದಿಲ್ಲ ಎಂದು ಅದನ್ನು ಎತ್ತಿ ಭಿಕ್ಷುವಿನ ಕೈಗೇ ಕೊಟ್ಟಳು. ಅವರು ಹಿಡಿದುಕೊಂಡು ನಿಂತರು. ಆಮೇಲೆ ಒಂದು ತುದಿಯಿಂದ ಶುರುಮಾಡಿ, ಒಂದೂ ಚಿಟ್ಟೆ ಅಡಿಗೆ ಸಿಕ್ಕದಂತೆ, ಬೆರಳಿನಿಂದ ಒಂದೊಂದನ್ನೇ ತಳ್ಳುತ್ತಾ, "ಸರ್ಕೋ, ಸರ್ಕೋ ಆಚೆಗೆ" ಎಂದು ಗದರುತ್ತಾ, ಕರಂಡದ ಸುತ್ತ ಹಾರ ಹಾಕಿದಳು. ಕೊನೆಯ ಗಂಟು ಅವಳೇ ಕಟ್ಟಿದಳು. ಎಲ್ಲ ಚಿಟ್ಟೆಗಳೂ ಒಮ್ಮೆಗೇ ರೆಕ್ಕೆ ಬಡಿದವು. ಬಿಳಿ ಬಟ್ಟೆಯ ಮೇಲೆ ಕಂದು ಚುಕ್ಕೆಗಳು ಬಿದ್ದವು. ಕೆಳಗಿನಿಂದ ಸಾಧು ಸಾಧು ಎಂಬ ಕೂಗು ಎದ್ದು, ತಮಟೆ ಮತ್ತೆ ಶುರುವಾಯಿತು.

ಅತ್ತೆ ಕೈ ಮುಗಿಯಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು, ಸೊಂಟದ ಮೇಲೆ ಕೈಯಿಟ್ಟು, ಹಾರ ಸಮನಾಗಿ ಕೂತಿದೆಯೇ ಎಂದು ಎಡದಿಂದ ಒಮ್ಮೆ, ಬಲದಿಂದ ಒಮ್ಮೆ ನೋಡಿದಳು. "ಹಾಕೋದು ಕಷ್ಟ ಏನಿಲ್ಲ ಕಣೆ" ಎಂದಳು ನನ್ನ ಕಡೆ ತಿರುಗಿ.

ಇಳಿದು ಬರುವಾಗ ಮೆಟ್ಟಿಲ ಬುಡದಲ್ಲಿ ನಂಗಲಿಯ ಹೆಂಗಸಿನ ಸರದಿ. ಸ್ವಯಂಸೇವಕ ಅಂಗಿ ಒರೆಸಿಕೊಂಡು ವಾಪಸು ಬಂದು, ಅವಳ ಕೈಯ ಮಾವಿನ ತಟ್ಟೆಗೆ ಕೈ ಚಾಚಿದ್ದ.

"ಕೊಡಬ್ಯಾಡ" ಎಂದಳು ಅತ್ತೆ. "ನೀನೇ ಹತ್ತಿ ಇಟ್ ಬಾ. ಮೆಟ್ಲು ಸಣ್ಣದು, ನೋಡ್ಕಂಡು ಹತ್ತು."

ಆ ಹೆಂಗಸು ತಟ್ಟೆಯನ್ನು ಎದೆಗವಚಿಕೊಂಡಳು. ಅವಳ ಹಿಂದಿನವಳೂ ಕೊಡಲಿಲ್ಲ. ಅದರ ಹಿಂದಿನ ಮುದುಕನೂ ಕೊಡಲಿಲ್ಲ. ಸಾಲಿನುದ್ದಕ್ಕೂ ಕೈಗಳು ತಟ್ಟೆಗಳನ್ನು ಬಿಗಿಹಿಡಿದದ್ದು ಮೇಲಿನ ಮೆಟ್ಟಿಲಿನಿಂದ ನನಗೆ ಸ್ಪಷ್ಟವಾಗಿ ಕಂಡಿತು. ಮೇಷ್ಟ್ರು ಮೈಕಿನ ಕಡೆ ನೋಡಿದರು, ಭಿಕ್ಷುವಿನ ಕಡೆ ನೋಡಿದರು. ಊದುಬತ್ತಿ ಹಿಡಿದುಕೊಂಡೇ ನಿಂತಿದ್ದ ಅವರು ಆಗಲಿ ಎಂಬಂತೆ ತಲೆಯಾಡಿಸಿದರು.

"ಸಂಜೆ ಆಗುತ್ತೆ ಅಂದೆ ತಾನೆ ನಾನು" ಎಂದು ಮೇಷ್ಟ್ರು ನನ್ನ ಮೇಲೆ ರೇಗಿದರು. "ವಾದ ಸಾಕು. ಬಾ ಇಲ್ಲಿ, ಆ ಹಗ್ಗ ಹಿಡ್ಕೊ. ಒಬ್ಬೊಬ್ಬರನ್ನೇ ಬಿಡು. ಕರಂಡ ಮುಟ್ಟಬಾರದು ಅಂತ ಹೇಳು, ನಿನ್ನ ಗಂಟಲು ಚೆನ್ನಾಗೈತೆ."

ನಾನು ಹಗ್ಗ ಹಿಡಿದೆ. ಅತ್ತೆ ಆಗಲೇ ಕೆಳಗಿಳಿದು ಸಾಲಿನ ಕೊನೆಗೆ ಹೋಗಿ, ಹೊಸದಾಗಿ ಬರುತ್ತಿದ್ದ ಆಟೊಗಳ ಜನಕ್ಕೆ ಏನೋ ಹೇಳುತ್ತಿದ್ದಳು. ತಮಟೆಯ ಸದ್ದಿಗೆ ಮಾತು ಕೇಳಿಸಲಿಲ್ಲ. ಎರಡೂ ಅಂಗೈ ಮೇಲೆ ಮಾಡಿ, ಹೀಗೆ ಹಿಡಿದುಕೊಳ್ಳಿ ಎಂದು ತೋರಿಸುತ್ತಿದ್ದಳು.